ಹಾರುವ ದೋಣಿಯ ಚುಕ್ಕಾಣಿಗೆ ಬಟ್ಟೆ ಹೊದಿಸಿದ್ದು

ಬಟ್ಟೆಯನ್ನು ನೀರಿಗೆ ಹಾಕಿದವಳು ನಾನೇ. ಬೇರೆ ಯಾರ ತಪ್ಪೂ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕತೆ ಕಟ್ಟಲು ಬಾರದು, ಆದದ್ದನ್ನು ಆದ ಹಾಗೆ ಬರೆಯಬಲ್ಲೆ.

ಆಗ ಅಮೆರಿಕದ ನಾರ್‌ಕ್ರಾಸಿನಲ್ಲಿ ನಮ್ಮ ಕಡೆಯವರೊಬ್ಬರ ದಿನಸಿ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ನಾನೂ ಮಗಳೂ ಹೊಲಿಗೆ ಕೆಲಸ ಮಾಡುತ್ತಿದ್ದೆವು. ಮಿಷಿನ್ ಮಗಳದು, ಕೈಹೊಲಿಗೆ ನನ್ನದು. ಸೀರೆಗೆ ಫಾಲ್, ರವಿಕೆಗೆ ಅಸ್ತರು, ಪ್ಯಾಂಟಿನ ಮಡಿಕೆ, ಇಷ್ಟೇ. ಎರಡನೇ ಮಹಾಯುದ್ಧ ಮುಗಿದು ಐವತ್ತು ವರ್ಷವಾಯಿತೆಂದು ಟೀವಿಯಲ್ಲಿ ದಿನವೂ ತೋರಿಸುತ್ತಿದ್ದ ಬೇಸಿಗೆ ಅದು.

ಒಂದು ಬೆಳಿಗ್ಗೆ ಒಬ್ಬ ಬಿಳಿ ಮುದುಕ ಪ್ಯಾಂಟು ಗಿಡ್ಡ ಮಾಡಿಸಲು ಬಂದ. ಅವನ ಎರಡು ಕೈಗಳೂ ನಡುಗುತ್ತಿದ್ದವು. ಪ್ಯಾಂಟನ್ನು ಕೊಡುವುದು ಬಿಟ್ಟು ನಾನು ಫಾಲ್ ಹಚ್ಚುವುದನ್ನೇ ನೋಡುತ್ತ ನಿಂತ. ಆಮೇಲೆ ಕನ್ನಡಕ ಏರಿಸಿ, ಸೀರೆಯ ಅಂಚನ್ನು ತಿರುಗಿಸಿ, ಉಗುರಿಟ್ಟು ಹೊಲಿಗೆಗಳನ್ನು ಎಣಿಸಿದ. ನನಗೆ ಸಿಟ್ಟು ಬಂತು. ಗಿರಾಕಿಯ ಸೀರೆಯನ್ನು ಇನ್ನೊಬ್ಬ ಗಿರಾಕಿ ಮುಟ್ಟುವುದೆಂದರೇನು? ಅವನಿಗೇನು ಬೇಕಂತೆ ಕೇಳು ಎಂದು ಮಗಳಿಗೆ ಹೇಳಿದೆ.

ಮಗಳು ಅವನ ಜೊತೆ ಸ್ವಲ್ಪ ಹೊತ್ತು ಮಾತಾಡಿ ನನ್ನ ಕಡೆ ತಿರುಗಿದಳು. "ಅಮ್ಮಾ, ಏರೋಪ್ಲೇನ್‌ಗೆ ಬಟ್ಟೆ ಹೊಲೀತೀರಾ ಅಂತ ಕೇಳ್ತಿದಾರೆ ಅಂಕಲ್. ಸೀರಿಯಸ್ಸಾಗೇ ಕೇಳ್ತಿದಾರೆ."

"ಅಳತೆ ಬಟ್ಟೆ ತಂದಿದ್ದಾನಾ ಕೇಳು," ಅಂದೆ.

ತಮಾಷೆಗೆ ಹೇಳಿದ್ದಲ್ಲ. ಹಳೆಯ ರವಿಕೆ ಕೊಡದೆ ಹೊಸದನ್ನು ಹೊಲಿಸಿಕೊಳ್ಳಲು ಬರುವವರನ್ನು ನಮ್ಮ ಅಂಗಡಿಯಲ್ಲಿ ಕೂರಿಸುತ್ತಿರಲಿಲ್ಲ. ಮುದುಕ ಮಾರನೆಯ ದಿನ ಒಂದು ಗೋಣಿಚೀಲದಲ್ಲಿ ವಿಮಾನದ ಹಳೆಯ ಹೊದಿಕೆಯ ಕೊಳೆತ ಚಿಂದಿಗಳನ್ನು ತಂದುಕೊಟ್ಟ. ಇಲಿ ಕಡಿದು, ಬಣ್ಣ ಚಕ್ಕೆ ಎದ್ದು, ಮುಟ್ಟಿದರೆ ಪುಡಿಯಾಗುವಂತಿತ್ತು. ಚೀಲವನ್ನು ಮೂಲೆಯಲ್ಲಿಟ್ಟೆ.

ಈ ಮುದುಕ ಯುದ್ಧದ ಕಾಲದಲ್ಲಿ ಒಂದು ಹಡಗಿನಲ್ಲಿ ದರ್ಜಿಯಾಗಿದ್ದವನು. ಆ ಹಡಗು ಗುಂಡು ಹಾರಿಸುವುದಕ್ಕೆ ಕಟ್ಟಿದ್ದಲ್ಲ. ನೀರಿನ ಮೇಲೆ ಇಳಿದು ನೀರಿನ ಮೇಲಿಂದಲೇ ಏಳುವ ವಿಮಾನಗಳು ಆಗ ಇದ್ದವಂತೆ, ದೋಣಿಗೆ ರೆಕ್ಕೆ ಕಟ್ಟಿದ ಹಾಗೆ. ಅವುಗಳ ಹಿಂದೆ ಹೋಗುವುದು, ಯಾವುದೋ ದ್ವೀಪದ ಕೊಲ್ಲಿಯಲ್ಲಿ ಲಂಗರು ಹಾಕುವುದು, ವಿಮಾನಗಳು ಬಂದಿಳಿದರೆ ಎಣ್ಣೆ ಕೊಡುವುದು, ಮುರಿದದ್ದನ್ನು ಕ್ರೇನಿನಿಂದ ಎತ್ತಿ ರಿಪೇರಿ ಮಾಡುವುದು, ಹಾರಿಸುವವರಿಗೆ ಬಿಸಿನೀರು, ಊಟ, ನಿದ್ದೆ ಕೊಟ್ಟು ಕಳಿಸುವುದು, ಇದೇ ಅದರ ಕೆಲಸ. ಮಗಳು ಇಂಗ್ಲಿಷಿನಲ್ಲಿ ಅದಕ್ಕೆ ಏನೋ ಹೆಸರು ಹೇಳಿದಳು. ನಾನು ತವರುಮನೆ ಅಂದೆ. ಮಗಳು ಅದನ್ನು ಅವನಿಗೆ ಬಿಡಿಸಿ ಹೇಳಿದಾಗ ತಲೆಯಾಡಿಸಿ ನಕ್ಕ.

ಆ ಹಡಗು ಈಗ ಇಲ್ಲ. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಕಟ್ಟಿಹಾಕಿ ಆಮೇಲೆ ಗುಜರಿಗೆ ಮಾರಿದರು. ಉಳಿದದ್ದು ಒಂದೇ. ಅದು ರಿಪೇರಿ ಮಾಡುತ್ತಿದ್ದ ಒಂದು ವಿಮಾನದ ಚುಕ್ಕಾಣಿ, ಬಾಲದಲ್ಲಿ ನೆಟ್ಟಗೆ ನಿಂತು ಆಚೀಚೆ ತಿರುಗುವ ಭಾಗ. ಮುದುಕ ಅದನ್ನು ಮನೆಗೆ ತಂದು ಕ್ಯಾರೊಲೈನಾದ ಸಮುದ್ರದ ಕಡೆ ಅವನ ಅಣ್ಣನ ಕೊಟ್ಟಿಗೆಯ ಅಟ್ಟದಲ್ಲಿ ಹಾಕಿದ್ದ. ವಾಷಿಂಗ್ಟನ್ ಹತ್ತಿರ ಆ ಯುದ್ಧದ ಹಡಗುಗಳ ಬಗ್ಗೆ ಒಂದು ಪ್ರದರ್ಶನ ಇಡುತ್ತಿದ್ದರು. ಬರೀ ಫೋಟೋಗಳಾದರೆ ಜಾಗವಿಲ್ಲ, ಎಲ್ಲರ ಹತ್ತಿರವೂ ಫೋಟೋ ಇದೆ. ಚುಕ್ಕಾಣಿಗೆ ಬಟ್ಟೆ ಹೊದಿಸಿ, ಹೇಳಿದ ಶುಕ್ರವಾರದೊಳಗೆ ತಂದರೆ ನಿಮ್ಮ ಹಡಗಿಗೆ ಒಂದು ಗೋಡೆ, ಇಲ್ಲದಿದ್ದರೆ ಅದನ್ನು ಬೇರೆ ಹಡಗಿಗೆ ಕೊಡುತ್ತೇವೆ ಎಂದಿದ್ದರು. ಆ ಹಡಗಿನವರು ವರ್ಷಕ್ಕಿಷ್ಟು ಜನ ಸಾಯುತ್ತಿದ್ದರು. ಇನ್ನೊಂದು ಪ್ರದರ್ಶನದ ಹೊತ್ತಿಗೆ ಕೇಳುವವರು ಯಾರೂ ಇರುವುದಿಲ್ಲ ಎಂದ ಮುದುಕ. ಐದು ವಾರ ಇತ್ತು. ಒಪ್ಪಿಕೊಂಡೆ.

ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸ. ಚೌಕಟ್ಟು ಅಲ್ಯೂಮಿನಿಯಂನದು, ನನಗಿಂತ ಎರಡು ಗೇಣು ಎತ್ತರ, ಒಳಗೆ ಮೀನಿನ ಮುಳ್ಳಿನ ಹಾಗೆ ಅಡ್ಡ ಪಕ್ಕೆಲುಬುಗಳು. ಅದರ ಮೇಲೆ ಹತ್ತಿ ಬಟ್ಟೆಯನ್ನು ದಿಂಬಿನ ಗವಸಿನಂತೆ ಏರಿಸಿ, ಹಿಂದಿನ ಅಂಚನ್ನು ಕೈಯಲ್ಲಿ ಹೊಲಿದು ಮುಚ್ಚಬೇಕು. ಆಮೇಲೆ ಡೋಪ್ ಎನ್ನುವ ಘಾಟು ಮೆರುಗೆಣ್ಣೆಯನ್ನು ಬಳಿಯಬೇಕು. ಮೇಣ ತೀಡಿದ ದಾರವನ್ನು ಉದ್ದ ಸೂಜಿಗೆ ಪೋಣಿಸಿ, ಈ ಬದಿಯಿಂದ ಆ ಬದಿಗೆ ತೂರಿಸಿ, ಪ್ರತಿ ಪಕ್ಕೆಲುಬಿಗೂ ಬಟ್ಟೆಯನ್ನು ಕಟ್ಟುತ್ತ ಹೋಗಬೇಕು. ಪ್ರತಿ ಹೊಲಿಗೆಗೂ ಗಂಟು. ಒಂದು ಹರಿದರೂ ಪಕ್ಕದ್ದು ಹಿಡಿದಿರಬೇಕು. ಮತ್ತೆ ಡೋಪ್, ಹೊಲಿಗೆಯ ಮೇಲೆ ಪಟ್ಟಿ, ಮತ್ತೆ ಡೋಪ್, ಕೊನೆಗೆ ಬಣ್ಣ.

ಆ ಕಾಲದ ತರಹದ್ದೇ ಬಟ್ಟೆಯ ಒಂದು ಸುರುಳಿಯನ್ನು ಮುದುಕ ಎಷ್ಟೋ ವರ್ಷದಿಂದ ಜೋಪಾನ ಮಾಡಿಟ್ಟಿದ್ದ. ಒಂದು ಪಾಲನ್ನು, ಆಮೇಲೆ ಸಣ್ಣ ಪಟ್ಟಿಗಳಾಗಿ ಕತ್ತರಿಸಲೆಂದು, ಮೊಳದಗಲ ಸೀಳಿ ಇಟ್ಟುಕೊಂಡು, ಉಳಿದ ಅಗಲ ಬಟ್ಟೆಯನ್ನು ನನಗೆ ಕೊಟ್ಟ. ಕತ್ತರಿಸುವುದಕ್ಕೆ ಮನೆಗೆ ತಂದೆ.

ನೆನೆಸದ ಹತ್ತಿಗೆ ಕತ್ತರಿ ಹಾಕುವವಳು ದರ್ಜಿಯೇ ಅಲ್ಲ. ಮೈಸೂರಿನಲ್ಲಿ ದರ್ಜಿಯಾಗಿದ್ದ ನನ್ನ ಗಂಡ ಬಕೆಟ್ಟಿನಲ್ಲಿ ನೆನೆಸಿಡದ ಅಸ್ತರನ್ನು ಮೇಜಿಗೇ ಹತ್ತಿಸುತ್ತಿರಲಿಲ್ಲ. ಮೊದಲ ಒಗೆತಕ್ಕೆ ರವಿಕೆ ಕುಗ್ಗಿತೆಂದರೆ ಗಿರಾಕಿ ಬೀದಿಯಲ್ಲಿ ನಿಂತು ಬೈಯುತ್ತಾಳೆ. ಹಾಗಾಗಿ ಸ್ನಾನದ ತೊಟ್ಟಿಗೆ ನೀರು ಬಿಟ್ಟು ಬಟ್ಟೆಯನ್ನೆಲ್ಲ ಮುಳುಗಿಸಿದೆ. ಬಾಲ್ಕನಿಯ ಕಂಬಿಯ ಮೇಲೆ ಒಣಗಿಸಿದೆ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬಾಗಿಲಿಗೆ ಚೀಟಿ ಅಂಟಿಸಿ ಹೋದಳು, ಹಾಗೆ ಬಟ್ಟೆ ಹಾಕಬಾರದಂತೆ. ಇರಲಿ ಎಂದು ಇನ್ನೊಂದು ದಿನ ಹಾಕಿದೆ. ಹೊಳಪು ಹೋಗಿತ್ತೆಂದು ತೆಳ್ಳಗೆ ಗಂಜಿ ಕೊಟ್ಟು ಇಸ್ತ್ರಿ ಮಾಡಿದೆ. ಹೊಸದಕ್ಕಿಂತ ಹೊಸದಾಗಿ ಕಾಣುತ್ತಿತ್ತು. ಮುದುಕನಿಗೆ ಗೊತ್ತಾಗಲಿಲ್ಲ.

ಮಗಳು ಗವಸನ್ನು ಹೊಲಿದಳು. ನಾನು ಅಂಚು ಮುಚ್ಚಿದೆ. ಆ ಅಂಚಿನ ಹೊಲಿಗೆ ನೋಡಿ ಮುದುಕ ಒಳಗೆ ಹೋಗಿ ನನಗೆ ಕಾಫಿ ತಂದ. ನಾವು ಹೊಲಿಯುವಾಗ ಮಗಳ ಕೈಯಲ್ಲಿ ಹಡಗಿನ ಚರಿತ್ರೆಯನ್ನು ಓದಿಸುತ್ತಿದ್ದ. ಯಾವ ತಿಂಗಳು ಯಾವ ಕಾಲುವೆ ದಾಟಿತು, ಯಾವ ಕೊಲ್ಲಿಯಲ್ಲಿ ಎಷ್ಟು ವಿಮಾನ ನೋಡಿಕೊಂಡಿತು, ಎಲ್ಲವನ್ನೂ ಆ ಹಡಗಿನಲ್ಲಿದ್ದವರ ಸಂಘದ ಕಾರ್ಯದರ್ಶಿ ಟೈಪ್ ಮಾಡಿಟ್ಟಿದ್ದ. ಕೊನೆಯ ಸಾಲು ಗುಜರಿಗೆ ಮಾರಿದ್ದು.

ಡೋಪ್ ಬಳಿದೆವು. ಒಂದು ಸಲ, ಎರಡು ಸಲ, ಮೂರು ಸಲ. ಅಷ್ಟು ಹೊತ್ತಿಗೆ ಬಟ್ಟೆ ತಮಟೆಯ ಹಾಗೆ ಬಿಗಿಯಬೇಕಿತ್ತಂತೆ. ಅದು ನನ್ನ ಹೊಟ್ಟೆಯ ಹಾಗೆ ಜೋತಿತ್ತು. ಪಕ್ಕೆಲುಬುಗಳ ನಡುವೆ ನೆರಿಗೆ ನೆರಿಗೆ. ಮುದುಕ ಎರಡು ದಿನ ಡೋಪಿನ ಡಬ್ಬ ನೋಡಿದ, ಗಾಳಿಯ ತೇವ ನೋಡಿದ, ಚೌಕಟ್ಟು ಸೊಟ್ಟಗಿದೆಯೇನೋ ಎಂದು ದಾರ ಹಿಡಿದು ನೋಡಿದ. ತನ್ನ ಮಿಶ್ರಣವೇ ತಪ್ಪು, ವಯಸ್ಸಾಯಿತು, ಮರೆತುಹೋಗಿದೆ ಎಂದು ಮಗಳ ಹತ್ತಿರ ಹೇಳಿಕೊಂಡ.

ಅದು ಯಾಕೆ ಬಿಗಿಯಬೇಕು, ಯಾವುದರಿಂದ ಬಿಗಿಯುತ್ತದೆ ಎಂದು ಆಗ ಮೊದಲ ಸಲ ಕೇಳಿದೆ. ಹತ್ತಿ ಕುಗ್ಗುತ್ತದಲ್ಲ, ಚೌಕಟ್ಟಿನ ಮೇಲೇ ಕುಗ್ಗಲಿ ಅಂತಲೇ ಸಡಿಲವಾಗಿ ಹೊಲಿಯುವುದು ಎಂದ.

ಕೆಲಸದ ಗುಟ್ಟೇ ಕುಗ್ಗುವುದು. ನಾನು ಅದನ್ನು ತೊಟ್ಟಿಯಲ್ಲಿ ಕುಗ್ಗಿಸಿ, ಗಂಜಿ ಕುಡಿಸಿ ತಂದಿದ್ದೆ.

ಮಗಳಿಗೆ ಕನ್ನಡದಲ್ಲಿ ಹೇಳಿದೆ. "ಅಮ್ಮಾ, ಸುಮ್ನಿರು. ಅವ್ರು ಹ್ಯುಮಿಡಿಟಿ ಅಂತಿದಾರೆ, ಹ್ಯುಮಿಡಿಟೀನೇ ಇರ್ಲಿ ಬಿಡು."

"ಅವ್ನು ತನ್ ತಲೇನೇ ಕೆಟ್ಟೋಯ್ತು ಅಂದ್ಕೊಂಡಿದಾನೆ ಕಣೇ. ಹೇಳು. ಒಂದೂ ಬಿಡ್ದೆ ಹೇಳು, ಗಂಜೀನೂ ಸೇರಿಸಿ."

ಹೇಳಿದಳು. ಮುದುಕ ಸ್ಟೂಲಿನ ಮೇಲೆ ಕೂತ. ಹಡಗಿನಲ್ಲಿ ಎಷ್ಟೋ ಹುಡುಗರಿಗೆ ಈ ಕೆಲಸ ಕಲಿಸಿದ್ದನಂತೆ. ಒಗೆಯಬೇಡಿ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲವಂತೆ, ಅವರಲ್ಲಿ ಯಾರೂ ತಮ್ಮ ಅಂಗಿಯನ್ನೇ ಒಗೆಯುತ್ತಿರಲಿಲ್ಲವಂತೆ. ಇಷ್ಟು ಹೇಳಿ ನಕ್ಕ. ನನಗೆ ನಗು ಬರಲಿಲ್ಲ. ಹೊಸ ಬಟ್ಟೆಗೆ ಫೋನ್ ಮಾಡಿದರೆ ಆರು ವಾರ ಎಂದರು. ನಮ್ಮ ಹತ್ತಿರ ಉಳಿದಿದ್ದು ಎರಡೂವರೆ ವಾರ.

ಕ್ಯಾರೊಲೈನಾದ ರಾಲಿಯಿಂದ ಕಾರ್ಯದರ್ಶಿ ಡ್ರೈವ್ ಮಾಡಿಕೊಂಡು ಬಂದ. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಫೈಲು. ಹಡಗಿನ ಇಂಜಿನ್ ರೂಮಿನಲ್ಲಿದ್ದವನು. ಜೋತ ಬಟ್ಟೆಯನ್ನು ನೋಡಿ, ನನ್ನನ್ನು ನೋಡಿ, ಮುದುಕನನ್ನು ನೋಡಿದ. ವಾಷಿಂಗ್ಟನ್‌ಗೆ ಫೋನ್ ಮಾಡಿ ಬೇಡವೆಂದುಬಿಡೋಣ, ಹೀಗೆ ತೂಗುಹಾಕಿ ಮರ್ಯಾದೆ ಕಳೆದುಕೊಳ್ಳುವುದಕ್ಕಿಂತ ಅದೇ ವಾಸಿ ಎಂದ.

ಸೀಳಿಟ್ಟ ಪಟ್ಟಿಗಳು ಇವೆಯಲ್ಲ ಎಂದೆ. ಅವಕ್ಕೆ ನಾನು ನೀರು ಮುಟ್ಟಿಸಿರಲಿಲ್ಲ. ಜೋಡಿಸಿದರೆ ಎರಡು ಬದಿಗೂ ಸಾಕು. ಕಾರ್ಯದರ್ಶಿ ಒಪ್ಪಲಿಲ್ಲ. ಫೈಲು ತೆಗೆದು ಆ ವಿಮಾನಗಳ ಫೋಟೋ ತೋರಿಸಿದ. ನೋಡಿ, ಒಂದೂ ಜೋಡಣೆ ಇಲ್ಲ, ಇದು ಭಿಕ್ಷುಕರ ದುಪ್ಪಟಿಯಲ್ಲ ಎಂದನಂತೆ. ಮಗಳು ಆ ಮಾತನ್ನು ನನಗೆ ಹೇಳಿದ್ದು ಆಮೇಲೆ.

ಮಾರನೆಯ ದಿನ ಬೆಳಿಗ್ಗೆ ಅಂಗಡಿಗೆ ಹೋದವಳು ಮೂಲೆಯ ಗೋಣಿಚೀಲ ನೋಡಿದೆ. ಅಳತೆ ಬಟ್ಟೆ ಕೊಡು ಎಂದು ಜಬರ್ದಸ್ತು ಮಾಡಿ ತರಿಸಿಕೊಂಡವಳು, ಮುದುಕ ಬರೆದುಕೊಟ್ಟ ನಕ್ಷೆ ಇದೆಯೆಂದು ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಅದು ನನ್ನ ಎರಡನೆಯ ತಪ್ಪು. ನೆಲದ ಮೇಲೆ ಹಳೆಯ ಚಾದರ ಹಾಸಿ ಚಿಂದಿಗಳನ್ನು ಒಂದೊಂದಾಗಿ ಜೋಡಿಸಿದೆ. ಬಣ್ಣದ ಚಕ್ಕೆ ಎದ್ದ ಕಡೆ ಉಗುರಿನಿಂದ ಕೆರೆದೆ. ಒಂದು ಮಡಿಕೆ ಹೊಲಿಗೆ ಸಿಕ್ಕಿತು. ಅದರಿಂದ ಒಂದು ಮೊಳ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು.

ಚಾದರದ ಸಮೇತ ಎತ್ತಿಕೊಂಡು ಶೆಡ್ಡಿಗೆ ಹೋದೆವು. ಕಾರ್ಯದರ್ಶಿ ಇನ್ನೂ ರಾಲಿಗೆ ಹೊರಟಿರಲಿಲ್ಲ. ಇಬ್ಬರನ್ನೂ ಕರೆದು ತೋರಿಸಿದೆ. ಇದು ಇಡೀ ಬಟ್ಟೆಯಲ್ಲ, ಪಟ್ಟಿ ಪಟ್ಟಿ ಜೋಡಿಸಿದ್ದು, ಹೊಲಿಗೆ ಗಾಳಿ ಹೋಗುವ ದಿಕ್ಕಿಗೇ ಇದೆ. ಇನ್ನೊಂದನ್ನೂ ತೋರಿಸಿದೆ. ಹೊಲಿಗೆಯ ಓರೆ ಒಂದು ಜಾಗದವರೆಗೆ ಈ ಕಡೆ ವಾಲಿದೆ, ಅಲ್ಲಿಂದ ಆ ಕಡೆ.

"ಕೇಳು ಅವ್ನನ್ನ. ಇಲ್ಲೀ ತನ್ಕ ಬಲಗೈಯವ್ನು ಹೊಲ್ದಿದಾನೆ, ಇಲ್ಲಿಂದ ಎಡಗೈಯವ್ನು. ಬಲಗೈ ಇವ್ನದು. ಎಡಗೈ ಯಾರ್ದು?"

ಮಗಳು ಕೇಳಿದಳು. ಮುದುಕ ಕೈಯನ್ನು ಆ ಹೊಲಿಗೆಯ ಮೇಲಿಟ್ಟ. ಆಮೇಲೆ ಮೆಲ್ಲಗೆ ಹೇಳುತ್ತ ಹೋದ. ಒಂದು ಕೊಲ್ಲಿಯಲ್ಲಿ ಮೂರು ದಿನ ಬಿರುಗಾಳಿ ಹೊಡೆದು, ನೀರಿನ ಮೇಲೆ ಕಟ್ಟಿದ್ದ ವಿಮಾನಗಳ ಬಟ್ಟೆಯೆಲ್ಲ ಹರಿದಿತ್ತು. ಹಡಗಿನ ದಾಸ್ತಾನು ಮುಗಿದಿತ್ತು. ದೂರದಲ್ಲಿ ಬಿದ್ದ ಇನ್ನೊಂದು ವಿಮಾನದವರು ರಬ್ಬರ್ ತೆಪ್ಪದಲ್ಲಿ ತೇಲುತ್ತಿದ್ದರು, ಹುಡುಕಲು ಯಾವುದಾದರೂ ಒಂದು ಏಳಲೇಬೇಕಿತ್ತು. ಇವನೂ ಇವನ ಜೊತೆಗಾರನೂ ಉಳಿದ ತುಂಡುಗಳನ್ನೆಲ್ಲ ಸೀಳಿ ಜೋಡಿಸಿ ಈ ಚುಕ್ಕಾಣಿಗೆ ಹೊದಿಸಿದರು. ಹಡಗು ಹೊರಳಾಡುತ್ತಿತ್ತು, ಮಿಷಿನ್ ನಿಲ್ಲುತ್ತಿರಲಿಲ್ಲ, ಎಲ್ಲ ಕೈಯಲ್ಲೇ. ವಿಮಾನ ಎದ್ದಿತು, ತೆಪ್ಪದವರು ಸಿಕ್ಕಿದರು. ಎಡಗೈಯ ಜೊತೆಗಾರ ಮುಂದೆ ಎಣ್ಣೆ ದೋಣಿಗೆ ಬೆಂಕಿ ಹತ್ತಿದಾಗ ಸತ್ತ.

ಕಾರ್ಯದರ್ಶಿ ತನ್ನ ಚರಿತ್ರೆಯ ಆ ದಿನದ ಸಾಲು ಹುಡುಕಿದ. ರಿಪೇರಿ ಮಾಡಲಾಯಿತು ಎಂದಷ್ಟೇ ಇತ್ತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ. ತೇಪೆ ಕೆಲಸ, ಹೇಳಿಕೊಳ್ಳುವಂಥದ್ದಲ್ಲ ಎಂದ ಮುದುಕ.

"ಅದು ಹಾರ್ತೋ ಇಲ್ವೋ ಕೇಳು," ಅಂದೆ.

"ಹಾರ್ತಂತೆ."

"ಹಾಗಾದ್ರೆ ಅದು ತೇಪೆ ಅಲ್ಲ. ಹೊಲಿಗೆ."

ಅಲ್ಲಿಗೆ ತೀರ್ಮಾನವಾಯಿತು. ಕಾರ್ಯದರ್ಶಿ ಫೈಲು ಮುಚ್ಚಿಟ್ಟು ಕೋಟು ತೆಗೆದ. ರಾಲಿಗೆ ಹೋಗಲೇ ಇಲ್ಲ, ಮುದುಕನ ಸೋಫಾದ ಮೇಲೆ ಮಲಗಿದ.

ಜೋತ ಬಟ್ಟೆಯನ್ನು ನಾನೇ ಕುಯ್ದು ತೆಗೆದೆ, ಬೇರೆಯವರಿಗೆ ಬಿಡಲಿಲ್ಲ. ಒಂದು ಬದಿಗೆ ಐದು ಪಟ್ಟಿ, ಎರಡು ಬದಿಗೆ ಹತ್ತು. ಒಳಗಿನ ಹೊಲಿಗೆಯನ್ನು ಮಗಳು ಮಿಷಿನ್ನಿನಲ್ಲಿ ಹಾಕಿದಳು, ಮಡಿಕೆಯ ಮೇಲಿನದನ್ನು ನಾನು ಕೈಯಲ್ಲಿ. ಹಳೆಯದರಲ್ಲಿ ಎಡಗೈ ಎಲ್ಲಿಂದ ಎಲ್ಲಿಯವರೆಗೆ ಇತ್ತೋ ಅಷ್ಟನ್ನು ಮೇಜಿನ ಆ ಕಡೆ ಕೂತು, ನನ್ನ ಕಡೆಗೆ ಎಳೆಯುವ ಬದಲು ಆಚೆಗೆ ತಳ್ಳುತ್ತ ಹೊಲಿದೆ, ಓರೆ ಹಾಗೇ ಬರಲಿ ಎಂದು. ನಿಧಾನವಾಯಿತು. ಬೆನ್ನು ಬಿಟ್ಟುಹೋಯಿತು. ಸೀರೆಯ ಗಿರಾಕಿಗಳಿಗೆ ಮಗಳು ದಿನಕ್ಕೊಂದು ಸುಳ್ಳು ಹೇಳಿದಳು. ಒಬ್ಬಾಕೆ ಶೆಡ್ಡಿಗೇ ಬಂದು, "ಆಂಟಿ, ನನ್ ಬ್ಲೌಸ್ ಬಿಟ್ಟು ಏರೋಪ್ಲೇನಿಗೆ ಬ್ಲೌಸ್ ಹೊಲೀತಿದೀರಾ?" ಎಂದಳು. "ಅದು ದಪ್ಪ ಆಗಿದೀನಿ ಅಂತ ಬಿಚ್ಚಿಸೋಕೆ ಬರಲ್ಲ, ಅದಕ್ಕೇ," ಅಂದೆ.

ಗವಸು ಏರಿಸಿ ಅಂಚು ಮುಚ್ಚಿದ ದಿನ ಮುದುಕ ಒಂದು ಬಕೆಟ್ ನೀರು, ಒಂದು ಸ್ಪಂಜು ತಂದು ನನ್ನ ಮುಂದಿಟ್ಟ. ಈ ಸಲ ಡೋಪಿಗೆ ಮೊದಲೇ ನೀರು ಹಾಕಿ ಕುಗ್ಗಿಸೋಣ, ನಿನಗೆ ಅಭ್ಯಾಸವಿದೆ, ನೀನೇ ಹಾಕು ಎಂದನಂತೆ. ಒರೆಸಿದೆ. ಶೆಡ್ಡಿನ ಬಾಗಿಲು ಪೂರ್ತಿ ತೆರೆದು ಕೂತೆವು. ಒಣಗುತ್ತ ಒಣಗುತ್ತ ನೆರಿಗೆಗಳು ಒಂದೊಂದೇ ಮಾಯವಾದವು. ಬಿಸಿಲು ಶೆಡ್ಡಿನ ನಡುವಿಗೆ ಬರುವಷ್ಟರಲ್ಲಿ ಬಟ್ಟೆ ನೆಟ್ಟಗಾಗಿತ್ತು.

ಡೋಪನ್ನು ಮೊದಲ ಸಲ ಬಳಿದಾಗ ಅಲ್ಲಲ್ಲಿ ಬೂದಿ ಎರಚಿದಂತೆ ಬಿಳುಪು ಬಂತು. ಈ ಸಲ ನಿಜವಾಗಿಯೂ ಗಾಳಿಯ ತೇವ. ಮೋಡ ಇರುವ ದಿನ ಡಬ್ಬ ತೆರೆಯಲೇ ಇಲ್ಲ, ಎರಡು ದಿನ ಹಾಳಾಯಿತು. ಆಮೇಲೆ ಗಾಳಿ ಒಣಗಿತು. ಮುದುಕ ಬಿಳುಪಿನ ಮೇಲೆ ಏನೋ ತೆಳುವಾದದ್ದನ್ನು ಬಳಿದು ಕರಗಿಸಿದ. ಪಕ್ಕೆಲುಬಿಗೆ ಕಟ್ಟುವಾಗ ಒಬ್ಬರು ಈ ಬದಿ, ಒಬ್ಬರು ಆ ಬದಿ ನಿಂತು ಸೂಜಿಯನ್ನು ವಾಪಸ್ ಕೊಡಬೇಕು. ಮುದುಕನ ಕೈಗೆ ಅದು ಆಗದು. ಸೂಜಿ ಎಲ್ಲೆಲ್ಲೋ ಬರುತ್ತಿತ್ತು. ಅವನು ಪಕ್ಕಕ್ಕೆ ಸರಿದು, ಗಂಟುಗಳನ್ನು ಪರೀಕ್ಷಿಸುವ ಕೆಲಸ ಹಿಡಿದ. ಅವನ ಜಾಗಕ್ಕೆ ಕಾರ್ಯದರ್ಶಿ ಬಂದ. ನೇರ, ನೇರ ಎಂದು ಮೂರು ದಿನ ಅವನನ್ನು ಬೈದೆ. ಕನ್ನಡದ ಆ ಒಂದು ಪದ ಅವನಿಗೆ ಬಾಯಿಪಾಠವಾಗಿ, ಅವನೇ ನೇರ ಎಂದು ಹೇಳಿಕೊಂಡು ಸೂಜಿ ತಳ್ಳತೊಡಗಿದ. ಮುದುಕ ಬಿಚ್ಚಿಸಿದ ಗಂಟು ಎರಡೇ. ಎರಡೂ ನನ್ನವು.

ಬೂದುನೀಲಿ ಬಣ್ಣ ಒಣಗಿದ್ದು ಬುಧವಾರ. ಗುರುವಾರ ಬಾಡಿಗೆ ಟ್ರಕ್ಕಿನಲ್ಲಿ ಚಾದರ, ದಿಂಬುಗಳ ನಡುವೆ ಅದನ್ನು ನಿಲ್ಲಿಸಿ ಕಟ್ಟಿ ಹೊರಟೆವು. ದಾರಿಯುದ್ದಕ್ಕೂ ಪ್ರತಿ ಗ್ಯಾಸ್ ಸ್ಟೇಷನ್ನಿನಲ್ಲೂ ಮುದುಕ ಇಳಿದು ಹಿಂದಿನ ಬಾಗಿಲು ತೆರೆದು ನೋಡಿದ. ರಾಲಿಯಲ್ಲಿ ಕಾರ್ಯದರ್ಶಿಯ ಮನೆಯಲ್ಲಿ ತಂಗಿದೆವು. ಅವನ ಹೆಂಡತಿ ನಮಗೆ ಬೇಯಿಸಿದ ಕಾಳು ಕೊಟ್ಟಳು, ಉಪ್ಪಿರಲಿಲ್ಲ. ಶುಕ್ರವಾರ ಊಟದ ಹೊತ್ತಿಗೆ ವಾಷಿಂಗ್ಟನ್ ಹತ್ತಿರದ ಆ ಪ್ರದರ್ಶನದ ಹಾಲ್ ತಲುಪಿದೆವು.

ಪ್ರದರ್ಶನದ ಉಸ್ತುವಾರಿ ಒಬ್ಬ ಹೆಂಗಸು. ಕೈಗೆ ಬಿಳಿ ಗ್ಲೌಸು ಹಾಕಿಕೊಂಡು, ಟಾರ್ಚ್ ಬಿಟ್ಟು, ಪ್ರತಿ ಜೋಡಣೆಯನ್ನೂ ನೋಡಿದಳು. ಹೊಲಿಗೆಯ ಓರೆ ಬದಲಾಗುವ ಜಾಗದಲ್ಲಿ ಟಾರ್ಚ್ ನಿಂತಿತು. ಇದೇನೆಂದು ಕೇಳಿದಳು. ಕಾರ್ಯದರ್ಶಿ ಹಳೆಯ ಚಿಂದಿ ತೆಗೆದು ಪಕ್ಕದಲ್ಲಿ ಹಿಡಿದು, ಕೊಲ್ಲಿ, ಬಿರುಗಾಳಿ, ತೆಪ್ಪ ಎಲ್ಲ ಹೇಳಿದ, ತಾನೇ ಹೊಲಿದವನ ಹಾಗೆ. ಅವಳು ಮೂಲೆಯ ಗೋಡೆ ಬಿಟ್ಟು ಬಾಗಿಲಿಗೆ ಎದುರಾಗಿ ತೂಗುಹಾಕಿಸಿದಳು. ಚಿಂದಿಗೂ ಒಂದು ಗಾಜಿನ ಪೆಟ್ಟಿಗೆ ಕೊಟ್ಟಳು.

ಶನಿವಾರ ಬೆಳಿಗ್ಗೆ ಆ ಹಡಗಿನ ಮುದುಕರೆಲ್ಲ ಬಾಗಿಲ ಹೊರಗೆ ಸೇರಿದ್ದರು, ಕೆಲವರು ಗಾಲಿಕುರ್ಚಿಯಲ್ಲಿ. ತೆರೆಯಲು ಅರ್ಧ ಗಂಟೆ ಇತ್ತು. ಚುಕ್ಕಾಣಿಯ ಪಕ್ಕದಲ್ಲಿ ಹಡಗಿನ ಚರಿತ್ರೆಯ ಹಾಳೆ ಅಂಟಿಸಿದ್ದರು. ಗುಜರಿಗೆ ಮಾರಿದ ಸಾಲಿನ ಕೆಳಗೆ ಹೊಸದೊಂದು ಸಾಲು. ಮಗಳು ಓದಿದಳು: ಹಡಗಿನ ಹಳೆಯ ದರ್ಜಿಯೂ ನಾರ್‌ಕ್ರಾಸಿನ ಒಬ್ಬ ದರ್ಜಿಯೂ ಸೇರಿ ಈ ಚುಕ್ಕಾಣಿಗೆ ಮತ್ತೆ ಬಟ್ಟೆ ಹೊದಿಸಿದರು. ಇಬ್ಬರ ಹೆಸರೂ ಇತ್ತು. ನನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಗುರುತಿಸಬಲ್ಲೆ, ಸರಿಯಾಗಿಯೇ ಬರೆದಿದ್ದರು.

ಮುದುಕನ ಮುಖ ನೋಡಿದೆ. ಬಾಯಿ ಬಿಡುವವನಲ್ಲ ಅವನು. ಐವತ್ತು ವರ್ಷ ಬಿಟ್ಟಿರಲಿಲ್ಲ, ಈಗ ಬಿಡುತ್ತಾನೆಯೇ?

"ಸಾಲು ತಪ್ಪು ಅಂತ ಹೇಳು ಆ ಹೆಂಗಸಿಗೆ," ಅಂದೆ ಮಗಳಿಗೆ.

"ಅಮ್ಮಾ, ಈಗ್ಲಾ? ಇನ್ನೇನ್ ಓಪನ್ ಮಾಡ್ತಾರೆ."

"ಎಡಗೈಯವ್ನ ಹೆಸ್ರೆಲ್ಲಿ? ನಾನು ಅವ್ನ ಹೊಲಿಗೆ ನೋಡ್ಕೊಂಡು ಹೊಲ್ದೆ, ಅಷ್ಟೇ. ನನ್ ಹೆಸ್ರು ಇರ್ಲಿ, ಅದನ್ನ ತೆಗೀಬೇಡಿ, ನಾನೂ ಬೆನ್ ಮುರ್ಕೊಂಡಿದೀನಿ. ಅವ್ನದು ಮೊದ್ಲು ಹಾಕಿ."

ಮಗಳು ಹೇಳಿದಳು. ಉಸ್ತುವಾರಿಯವಳು ಗಡಿಯಾರ ನೋಡಿದಳು. ಕಾರ್ಯದರ್ಶಿ ಜೇಬಿನಿಂದ ಪೆನ್ನು ತೆಗೆದು ಮುದುಕನ ಮುಂದೆ ಹಿಡಿದ. ಕೈ ನಡುಗುತ್ತದೆಂದು ಮುದುಕ ಬರೆಯಲಿಲ್ಲ; ಜೊತೆಗಾರನ ಹೆಸರನ್ನು ಒಂದೊಂದೇ ಅಕ್ಷರ ಮಾಡಿ ಜೋರಾಗಿ ಹೇಳಿದ, ಹೊರಗೆ ನಿಂತವರಿಗೂ ಕೇಳುವಷ್ಟು. ಅವಳು ಒಳಗೆ ಹೋಗಿ ಟೈಪ್ ಮಾಡಿಸಿ ತಂದಳು. ಹಳೆಯ ಹಾಳೆ ಕಿತ್ತು ಹೊಸದನ್ನು ಅಂಟಿಸಿ, ಅಂಗೈಯಿಂದ ನಾಲ್ಕು ಮೂಲೆ ಒತ್ತಿದಳು. ಆಮೇಲೆಯೇ ಬಾಗಿಲು ತೆಗೆದರು.